ಜೆರಾಕ್ಸ್ ಇದೆ, ಒರಿಜಿನಲ್ ಎಲ್ಲಿ?



ಇವತ್ತು ರಾಜಕೀಯ ಬೇಡ. ಇವತ್ತು ನಮ್ಮೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಡೆದದ್ದು ಹೇಳ್ತೀನಿ, ಕೇಳಿ.

ಬಳ್ಳಾರಿಯ ಕಂಟೋನ್ಮೆಂಟ್ ಬ್ರಿಟಿಷರ ಕಾಲದಲ್ಲಿ ಸೈನ್ಯ ಇದ್ದ ಜಾಗ. ಈಗ ಅಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಮೆಡಿಕಲ್ ಕಾಲೇಜಿದೆ. ಬೆಳಗ್ಗೆ ಆದರೆ ಸಾಕು, ಸಿರುಗುಪ್ಪದ ಕಡೆಯಿಂದ, ಕುರುಗೋಡಿನ ಕಡೆಯಿಂದ ಬಸ್ಸಿನಲ್ಲಿ ಬಂದ ಮಕ್ಕಳು ಬ್ಯಾಗ್ ಹಾಕಿಕೊಂಡು ಓಡಾಡ್ತಿರ್ತಾರೆ. ನಾನು ಬೆಳೆದದ್ದು ಅಲ್ಲೇ, ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ.

ಮೊನ್ನೆ ಊರಿಗೆ ಹೋದಾಗ ಆಧಾರ್ ಕಾರ್ಡಿನ ಪ್ರತಿ ತೆಗೆಸೋಕೆ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹೆಣ್ಣುಮಗಳು. ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್. ಆ ಜೆರಾಕ್ಸಿಗೇ ಮತ್ತೆ ಜೆರಾಕ್ಸ್ ಮಾಡಿಸ್ತಿದ್ದಳು. ಅಂಗಡಿಯವರು ಅಂದರು, "ಒರಿಜಿನಲ್ ಕೊಡಮ್ಮಾ, ಇದರಾಗ ಅಕ್ಷರ ಮಸುಕಾಗ್ಯಾವ."

ಆಕೆ ತಲೆ ಎತ್ತದೇ ಹೇಳಿದಳು: "ಒರಿಜಿನಲ್ ಕಾಲೇಜಿನಾಗ ಐತಣ್ಣ. ಫೀಸ್ ಬಾಕಿ ಐತಿ."

ಓದಿದ್ದು ಬೇರೆ ಊರಿನಲ್ಲಂತೆ. ಯಾವ ಕಾಲೇಜು ಅಂತ ನಾನು ಕೇಳಲಿಲ್ಲ. ಯಾಕಂದರೆ ಹದಿಮೂರು ಹದಿನಾಲ್ಕು ವರ್ಷಗಳ ಹಿಂದೆ ಅದೇ ರಸ್ತೆಯಲ್ಲಿ ಅದೇ ಮಾತು ಹೇಳಿಕೊಂಡು ತಿರುಗಿದವನು ನಾನೇ.

ನಮ್ಮಪ್ಪನದು ಒಂದು ಟಿಪ್ಪರ್ ಲಾರಿ. ಸಾಲದ ಲಾರಿ. ಸಂಡೂರಿನಿಂದ ಅದಿರು ಹೊಡೆಯೋ ಕೆಲಸ. ಅದಿರು ಓಡ್ತಿದ್ದಷ್ಟು ದಿನ ಲಾರಿಯ ಕಂತೂ ಕಟ್ಟಿದರು, ನನ್ನ ಫೀಸೂ ಕಟ್ಟಿದರು. ಜಿಲ್ಲೆಯ ಹೊರಗಿನ ಒಂದು ಕಾಲೇಜಿನಲ್ಲಿ ನಾನು ಬಿ.ಇ. ಓದ್ತಿದ್ದೆ. ಕೊನೆಯ ವರ್ಷದ ಫೀಸಿನಲ್ಲಿ 42 ಸಾವಿರ ಬಾಕಿ ಉಳೀತು. "ಮಳೆಗಾಲ ಮುಗೀಲಿ, ಕಟ್ಟೋಣ" ಅಂದರು ಅಪ್ಪ.

2011ರ ಜುಲೈ 29. ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಆ ಆದೇಶ ಸರಿ. ಇವತ್ತೂ ಹೇಳ್ತೀನಿ, ಸರಿ. ಬೆಟ್ಟ ಲೂಟಿ ಹೊಡೆದವರು ಬೇರೆ. ಆದರೆ ಮರುದಿನದಿಂದ ರಸ್ತೆ ಬದಿಯಲ್ಲಿ ಸಾಲಾಗಿ ನಿಂತದ್ದು ಯಾರ ಲಾರಿ? ನಮ್ಮಪ್ಪನಂಥವರ ಲಾರಿ. ಗಣಿ ಹಂತ ಹಂತವಾಗಿ ಮತ್ತೆ ತೆರೆಯೋ ಹೊತ್ತಿಗೆ ನಮ್ಮ ಲಾರಿಯನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋಗಿದ್ದರು.

ನನಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತ್ತು. ಸೇರುವ ದಿನ ಒರಿಜಿನಲ್ ತನ್ನಿ ಅಂದಿದ್ದರು. ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಅಡ್ಮಿಷನ್ ದಿನವೇ ಕಾಲೇಜಿನ ಬೀರು ಸೇರಿದ್ದವು. ಅಪ್ಪ ನನ್ನ ಜೊತೆ ಬಂದರು. ಕೌಂಟರಿನ ಮುಂದೆ ನಿಂತು, "ಸಾಹೇಬ್ರೇ, ತಿಂಗಳಿಗೆ ಎರಡು ಸಾವಿರದಂಗ ಕಟ್ತೀನಿ, ಬರೆದುಕೊಡ್ತೀನಿ" ಅಂದರು.

"ಯಜಮಾನ್ರೇ, ಕಂತು ಗಿಂತು ಇಲ್ಲ. ನೋ ಡ್ಯೂಸ್ ಆದ ಮೇಲೆ ಬನ್ನಿ."

ಅಷ್ಟೇ. ಕಿಟಕಿ ಮುಚ್ಚಿತು. ಕೆಲಸ ಹೋಯಿತು. "ಅದಕ್ಕೇ ತಾನೇ ನೀನು ಆ್ಯಂಕರ್ ಆಗಿದ್ದು, ಒಳ್ಳೇದೇ ಆಯ್ತಲ್ಲ" ಅಂತ ಸ್ನೇಹಿತರು ತಮಾಷೆ ಮಾಡ್ತಾರೆ. ನಾನೂ ನಗ್ತೀನಿ. ಆದರೆ ನನ್ನ ರೂಮ್‌ಮೇಟ್ ಒಬ್ಬನಿದ್ದ, ಸಿರುಗುಪ್ಪದ ಕಡೆಯ ಹುಡುಗ. ನನಗಿಂತ ಜಾಣ. ಆರನೇ ಸೆಮಿಸ್ಟರಿನಲ್ಲಿ ಫೀಸ್ ಕಟ್ಟೋಕಾಗದೆ ಬಿಟ್ಟ. ಅವನ ಪಿಯುಸಿ ಮಾರ್ಕ್ಸ್ ಕಾರ್ಡೂ ಒಳಗೇ ಉಳೀತು. ಬೇರೆ ಕಡೆ ಡಿಗ್ರಿಗೆ ಸೇರೋಣ ಅಂದರೆ ಅದಕ್ಕೂ ಒರಿಜಿನಲ್ ಬೇಕು. ಈಗ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೀತಾನೆ. ಅವನ ಕಥೆಗೆ ಯಾರು ನಗ್ತೀರಿ?

ವೀಕ್ಷಕರೇ, ನಾನು ಎಂಜಿನಿಯರಿಂಗ್ ಓದಿದವನು. ಒಂದು ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಎಲ್ಲಿ ಕಡಿದಿದೆ ಅಂತ ನೋಡೋದು ನನಗೆ ಅಭ್ಯಾಸ. ಇಲ್ಲಿ ನೋಡಿ. ಬಾಕಿ ತೀರಬೇಕಾದರೆ ಸಂಬಳ ಬೇಕು. ಸಂಬಳ ಬರಬೇಕಾದರೆ ಕೆಲಸ ಬೇಕು. ಕೆಲಸಕ್ಕೆ ಒರಿಜಿನಲ್ ಬೇಕು. ಒರಿಜಿನಲ್ ಬೇಕಾದರೆ ಬಾಕಿ ತೀರಬೇಕು! ಎತ್ತನ್ನು ಕಟ್ಟಿಹಾಕಿ ಹೊಲ ಉಳು ಅಂದ ಹಾಗಾಯಿತು. ಇದರಿಂದ ಕಾಲೇಜಿಗೂ ದುಡ್ಡು ಬರಲ್ಲ, ಹುಡುಗನಿಗೂ ಬದುಕು ಬರಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತೆ?

ಯುಜಿಸಿ 2018ರ ಅಕ್ಟೋಬರಿನಲ್ಲೇ ಅಧಿಸೂಚನೆ ಹೊರಡಿಸಿದೆ. ಅಡ್ಮಿಷನ್ ಸಮಯದಲ್ಲಿ ಒರಿಜಿನಲ್ ನೋಡಿ, ಪರಿಶೀಲಿಸಿ, ವಾಪಸ್ ಕೊಡಬೇಕು. ಇಟ್ಟುಕೊಳ್ಳುವ ಹಾಗಿಲ್ಲ. ಸೀಟು ಬಿಡುವವರಿಗೆ ಹಣ ಎಷ್ಟು ವಾಪಸ್ ಅನ್ನೋದೂ ಅದರಲ್ಲಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ತಿಳಿಸಿದರೆ ಪೂರ್ತಿ, ಆಮೇಲೆ 90, 80, 50 ಪರ್ಸೆಂಟ್ ಹೀಗೆ ಇಳಿಯುತ್ತೆ. ಕೊನೆಯ ದಿನ ಕಳೆದು 30 ದಿನ ದಾಟಿದರೆ ಮಾತ್ರ ಏನೂ ಇಲ್ಲ.

ಇನ್ನೊಂದು ವಿಷಯ. "ಬಿಟ್ಟು ಹೋಗ್ತೀಯಾ? ಉಳಿದ ವರ್ಷಗಳ ಫೀಸೂ ಕಟ್ಟಿ ಹೋಗು" ಅನ್ನೋ ಕಾಲೇಜುಗಳಿವೆ. ಓದದ ಕೋರ್ಸಿನ ಫೀಸಿಗಾಗಿ ಸರ್ಟಿಫಿಕೇಟ್ ತಡೆಹಿಡಿಯೋದು ದೂರು ಕೊಡಬಹುದಾದ ತಪ್ಪು ಅಂತ ಯುಜಿಸಿಯ 2023ರ ಕುಂದುಕೊರತೆ ನಿಯಮದಲ್ಲೇ ಇದೆ. ಹಾಗಾದರೆ ಓದಿ ಮುಗಿಸಿದ ವರ್ಷದ ಬಾಕಿ? ಅದು ನಿಜವಾದ ಸಾಲ. ನಾನು ಸುಳ್ಳು ಹೇಳಲ್ಲ, ಆ ದುಡ್ಡು ಕಟ್ಟಲೇಬೇಕು. ಆದರೆ ಸಾಲ ವಸೂಲಿಗೆ ಸಿವಿಲ್ ಕೋರ್ಟ್ ಇದೆ, ಮೂರು ವರ್ಷದ ಕಾಲಮಿತಿ ಇದೆ. ಮಾರ್ಕ್ಸ್ ಕಾರ್ಡ್ ಏನು ಒಡವೆಯಾ, ಗಿರವಿ ಇಟ್ಟುಕೊಳ್ಳೋಕೆ? ಸರ್ಟಿಫಿಕೇಟನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ನಮ್ಮ ದೇಶದ ಹೈಕೋರ್ಟ್‌ಗಳು ಮತ್ತೆ ಮತ್ತೆ ಹೇಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಕಿ ಇದೆ ಅಂತ ಅಂಕಪಟ್ಟಿ ತಡೆಹಿಡಿಯೋದನ್ನ 2020ರಿಂದ ಕಾನೂನು ಮಾಡಿಯೇ ನಿಲ್ಲಿಸಿದ್ದಾರೆ.

ಫೀಸಿನ ಜಗಳದಲ್ಲಿ ಕರ್ನಾಟಕ ಇಡೀ ದೇಶಕ್ಕೇ ದಾರಿ ತೋರಿಸಿದ ರಾಜ್ಯ ಸ್ವಾಮಿ! ಕ್ಯಾಪಿಟೇಷನ್ ನಿಷೇಧ ಕಾಯ್ದೆ ನಾವು 1984ರಲ್ಲೇ ತಂದೆವು. 1992ರ ಮೋಹಿನಿ ಜೈನ್ ಕೇಸು ಕರ್ನಾಟಕದ್ದೇ, ಮೆಡಿಕಲ್ ಸೀಟಿಗೆ ವರ್ಷಕ್ಕೆ 60 ಸಾವಿರ ಕೇಳಿದ ಕಥೆ. 2003ರ ಇಸ್ಲಾಮಿಕ್ ಅಕಾಡೆಮಿ ಕೇಸೂ ಕರ್ನಾಟಕದ್ದೇ. ಒಂದು ಸಲಕ್ಕೆ ಒಂದು ಸೆಮಿಸ್ಟರ್ ಇಲ್ಲಾ ಒಂದು ವರ್ಷದ ಫೀಸ್ ಮಾತ್ರ ತಗೊಳ್ಳಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ಸೀಟು ಹತ್ತುವಾಗಿನ ಬಾಗಿಲಿಗೆ ಇಷ್ಟೆಲ್ಲ ಕಾವಲು ಹಾಕಿದ ನಾವು, ಓದಿ ಹೊರಗೆ ಬರುವ ಬಾಗಿಲನ್ನು ಮರೆತುಬಿಟ್ಟೆವಾ?

ಕಾಲೇಜಿನವರ ಮಾತೂ ಕೇಳೋಣ. "ಮೇಷ್ಟ್ರಿಗೆ ಸಂಬಳ ಎಲ್ಲಿಂದ ಕೊಡೋದು?" ಅಂತಾರೆ. ನ್ಯಾಯವೇ. ಪರಿಶಿಷ್ಟ ಜಾತಿ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಈಗ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ದುಡ್ಡು ವಿದ್ಯಾರ್ಥಿಯ ಖಾತೆಗೆ ಬರುತ್ತೆ. ಆದರೆ ಫೀಸಿನ ಕೊನೆಯ ದಿನಾಂಕ ಮೊದಲು ಬರುತ್ತೆ, ವಿದ್ಯಾರ್ಥಿವೇತನ ಆಮೇಲೆ ಬರುತ್ತೆ. ಸರ್ಕಾರ ತಡ ಮಾಡಿದ್ದಕ್ಕೆ ದಂಡ ತೆರೋರು ಯಾರು? ಹಾಲ್ ಟಿಕೆಟ್‌ಗೆ ಕಾಯ್ತಾ ನಿಂತ ಹುಡುಗಿ. ಹಾಗಾಗಿ ಬೆರಳು ಬರೀ ಕಾಲೇಜಿನ ಕಡೆ ತೋರಿಸಿದರೆ ಆಗಲ್ಲ, ವಿಧಾನಸೌಧದ ಕಡೆಗೂ ದೆಹಲಿಯ ಕಡೆಗೂ ತೋರಿಸಬೇಕು.

ನನ್ನ 42 ಸಾವಿರ ಹೇಗೆ ತೀರಿತು ಗೊತ್ತಾ? ಅಪ್ಪ ಮೆಣಸಿನಕಾಯಿ ದಲ್ಲಾಳಿಯೊಬ್ಬರ ಹತ್ತಿರ ಮೂರು ರೂಪಾಯಿ ಬಡ್ಡಿಗೆ ತಂದರು. ತಿಂಗಳಿಗೆ 1,260 ರೂಪಾಯಿ ಬಡ್ಡಿ. ವರ್ಷಕ್ಕೆ 15,120. ಅಸಲು ಹಾಗೇ ಇರುತ್ತೆ! ಈಗ ಇನ್ನೊಂದು ಲೆಕ್ಕ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ 'ಅರಿವು' ಅಂತ ಶಿಕ್ಷಣ ಸಾಲ ಕೊಡುತ್ತೆ. ಬಡ್ಡಿ ವರ್ಷಕ್ಕೆ 2 ಪರ್ಸೆಂಟ್. ಅದೇ 42 ಸಾವಿರಕ್ಕೆ ವರ್ಷಕ್ಕೆ 840 ರೂಪಾಯಿ. ಎಲ್ಲಿಯ 15,120, ಎಲ್ಲಿಯ 840! ಅಂಥದ್ದೊಂದು ಇದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಲ ಅಂದರೆ ದಲ್ಲಾಳಿ, ದಲ್ಲಾಳಿ ಅಂದರೆ ಸಾಲ, ಅಷ್ಟೇ ಗೊತ್ತಿದ್ದದ್ದು.

ಅದಕ್ಕೇ ಪೆನ್ನು ತಗೊಳ್ಳಿ, ಬರ್ಕೊಳ್ಳಿ.

ಸೇರುವ ಮೊದಲು: ಮನೆಯ ಆದಾಯ 8 ಲಕ್ಷದ ಒಳಗಿದ್ದರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಸೀಟು ಕೇಳಿ. ಎಂಜಿನಿಯರಿಂಗ್‌ನಲ್ಲಿ ನೂರಕ್ಕೆ ಐದರಂತೆ ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ. ಬ್ಯಾಂಕಿನ ಮಾದರಿ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷದವರೆಗೆ ಹೊಲ ಮನೆ ಅಡ ಇಡಬೇಕಾಗಿಲ್ಲ, ಸಾಲ ಖಾತರಿ ನಿಧಿ ಇದೆ. ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ ವೃತ್ತಿ ಶಿಕ್ಷಣದ ಸಾಲಕ್ಕೆ ಓದುವಷ್ಟು ಕಾಲ ಮತ್ತು ಮೇಲೊಂದು ವರ್ಷದ ಬಡ್ಡಿಯನ್ನು ಕೇಂದ್ರ ಭರಿಸುವ ಯೋಜನೆ 2009ರಿಂದ ಇದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕೊನೆಯ ದಿನ ಓಡಬೇಡಿ.

ಬಾಕಿ ಬಿದ್ದಿದ್ದರೆ: ಮೊದಲು ಬಾಯಿಮಾತು ಬಿಡಿ. ಎಷ್ಟು ಬಾಕಿ, ಯಾವ ವರ್ಷದ್ದು, ಬೋಧನಾ ಶುಲ್ಕ ಎಷ್ಟು, ದಂಡ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಕಂತು ಕಟ್ಟುತ್ತೇನೆ ಅಂತ ಅರ್ಜಿ ಕೊಡಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆ ಸೀಲೇ ನಾಳೆ ನಿಮ್ಮ ಸಾಕ್ಷಿ. ಕೇಳದಿದ್ದರೆ ಕಾಲೇಜಿನ ಕುಂದುಕೊರತೆ ಸಮಿತಿಗೆ ದೂರು ಕೊಡಿ. ಅವರಿಗೆ 15 ಕೆಲಸದ ದಿನ ಕಾಲಾವಕಾಶ. ಅಲ್ಲೂ ಆಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್. ವಕೀಲರಿಗೆ ಕೊಡೋಕೆ ದುಡ್ಡಿಲ್ವಾ? ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ಇನ್ನು ಸರ್ಕಾರಕ್ಕೆ ನನ್ನ ಪ್ರಶ್ನೆ ಒಂದೇ. 371ಜೆ ಬಂದು ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು ಸಿಕ್ಕಿತು, ಸಂತೋಷ. ಆ ಸೀಟಿನಲ್ಲಿ ಕೂತ ಮಗು ನಾಲ್ಕು ವರ್ಷ ಮುಗಿಸಿ, ಕೈಯಲ್ಲಿ ಒರಿಜಿನಲ್ ಹಿಡಿದು ಹೊರಗೆ ಬಂತಾ ಅಂತ ಯಾರಾದರೂ ನೋಡ್ತಿದ್ದೀರಾ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋಯಿತಲ್ಲ, ನಾವು ಚಾನೆಲ್‌ನವರು ಹಗಲು ರಾತ್ರಿ ಅದನ್ನೇ ತೋರಿಸಿದೆವು. ನೀರು ಹೋದರೆ ಬೆಳೆ ಹೋಗುತ್ತೆ ಅಂತ ಎಲ್ಲರಿಗೂ ಭಯ. ಬೆಳೆ ಹೋದರೆ ಆ ವರ್ಷದ ಫೀಸು ಹೋಗುತ್ತೆ, ಫೀಸು ಹೋದರೆ ಒಂದು ಡಿಗ್ರಿ ಹೋಗುತ್ತೆ ಅಂತ ನಾವ್ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ತಪ್ಪು ನನ್ನದೂ ಇದೆ.

ಕಾಲೇಜಿನ ಆಡಳಿತ ಮಂಡಳಿಯವರೇ, ನಿಮ್ಮ ದುಡ್ಡು ಬಿಡಿ ಅಂತ ನಾನು ಕೇಳ್ತಿಲ್ಲ. ಬಾಕಿ ಪತ್ರ ಬರೆಸಿಕೊಳ್ಳಿ, ಸಹಿ ಹಾಕಿಸಿಕೊಳ್ಳಿ, ಕಂತು ಕಟ್ಟಿಸಿಕೊಳ್ಳಿ. ಒರಿಜಿನಲ್ ಮಾತ್ರ ವಾಪಸ್ ಕೊಡಿ. ಕೆಲಸಕ್ಕೆ ಹೋದ ಹುಡುಗ ಇವತ್ತಲ್ಲ ನಾಳೆ ಕಟ್ಟಿಯಾನು. ಮನೆಯಲ್ಲಿ ಕೂತ ಹುಡುಗ ಎಲ್ಲಿಂದ ಕಟ್ಟಬೇಕು?

ಆ ಹೆಣ್ಣುಮಗಳು ಅವತ್ತು ಹತ್ತು ಪ್ರತಿ ತೆಗೆಸಿಕೊಂಡಳು. ಅಂಗಡಿಯವರು ದುಡ್ಡು ಬೇಡ ಅಂದರು. ಆಕೆ ಕೇಳಲಿಲ್ಲ, ಎಣಿಸಿ ಇಪ್ಪತ್ತು ರೂಪಾಯಿ ಕೊಟ್ಟೇ ಹೋದಳು.

ಜೆರಾಕ್ಸಿನ ಬಾಕಿ ಕೂಡ ಉಳಿಸಿಕೊಳ್ಳದ ಮಕ್ಕಳು ಇವರು. ಇವರನ್ನು ನಂಬೋಕೆ ನಮಗೆ ಏನು ಕಷ್ಟ?