ಅರ್ಜಿಯ ವೃತ್ತ: ಯಾರು ಆರಿಸಿದ ಉತ್ತರ?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆನ್‌ಲೈನ್ ಅರ್ಜಿಯಲ್ಲಿ ಉತ್ತರಗಳ ಪಕ್ಕ ಕಾಣುವ ಸಣ್ಣ ವೃತ್ತಗಳಿಗೆ ರೇಡಿಯೋ ಬಟನ್ ಎಂದು ಹೆಸರು. ಹಳೆಯ ಕಾರುಗಳ ರೇಡಿಯೋದಲ್ಲಿ ಒಂದು ಗುಂಡಿಯನ್ನು ಒತ್ತಿದೊಡನೆ ಮೊದಲು ಒತ್ತಿದ್ದ ಗುಂಡಿ ಹೊರಬರುತ್ತಿತ್ತು. ಹೆಸರು ಅಲ್ಲಿಂದ ಬಂದುದು. ಇಲ್ಲಿಯೂ ಒಂದು ಪ್ರಶ್ನೆಗೆ ಒಂದೇ ಉತ್ತರ. ಹಲವನ್ನು ಆರಿಸಲು ಅವಕಾಶವಿರುವುದು ಚೌಕಾಕಾರದ ಚೆಕ್ ಬಾಕ್ಸ್‌ಗಳಲ್ಲಿ.

ಅರ್ಜಿ ಸಲ್ಲಿಸಿದಾಗ ಗುರುತಿಸಿದ ವೃತ್ತದ ಉತ್ತರ ಮಾತ್ರ ಸರ್ವರ್‌ಗೆ ತಲುಪುತ್ತದೆ. ಯಾವುದನ್ನೂ ಗುರುತಿಸದಿದ್ದರೆ ಆ ಪ್ರಶ್ನೆಗೆ ಏನೂ ಹೋಗುವುದಿಲ್ಲ. ‘ಇಲ್ಲ’ ಎಂಬ ಉತ್ತರವೂ ಹೋಗುವುದಿಲ್ಲ. ಉತ್ತರ ಕಡ್ಡಾಯವೆಂದು ನಮೂನೆಯಲ್ಲಿ ವಿಧಿಸಿದ್ದರೆ ಸಲ್ಲಿಕೆಯೇ ನಿಲ್ಲುತ್ತದೆ.

ಇದಕ್ಕಿಂತ ಹೆಚ್ಚಿನ ಅಪಾಯ ಮೊದಲೇ ಗುರುತಾಗಿರುವ ವೃತ್ತದ್ದು. ವಸತಿ ಅರ್ಜಿಯೊಂದರಲ್ಲಿ ‘ಸ್ವಂತ ಮನೆ ಇದೆ’ ಎಂಬುದು ಮೊದಲೇ ಗುರುತಾಗಿದ್ದು, ಅದನ್ನು ಯಾರೂ ಬದಲಿಸದಿದ್ದರೆ, ಗುಡಿಸಲಿನ ಕುಟುಂಬವೂ ಮನೆಯುಳ್ಳದ್ದೆಂದು ದಾಖಲಾಗುತ್ತದೆ. ಅರ್ಜಿದಾರರು ಹೇಳಿದ ಉತ್ತರ ಯಾವುದು, ಕೇಳದೆಯೇ ಹೋದ ಉತ್ತರ ಯಾವುದು ಎಂಬುದು ದಾಖಲೆಯಲ್ಲಿ ತಿಳಿಯದು.

ಬೇಕಾದ ಆಯ್ಕೆಯೇ ಇಲ್ಲದಿರುವುದೂ ಲೋಪವೇ. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿದೆ. ಗಂಡು, ಹೆಣ್ಣು ಎಂಬ ಎರಡೇ ವೃತ್ತಗಳಿರುವ ನಮೂನೆ ಕಂಡುಬಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಗಮನಕ್ಕೆ ತರುವುದು ಸದಸ್ಯರ ಹೊಣೆ.

ಆದುದರಿಂದ ಬಾಪೂಜಿ ಸೇವಾ ಕೇಂದ್ರದಲ್ಲಿ ಪ್ರತಿ ಪ್ರಶ್ನೆಯನ್ನೂ ಅದರ ಎಲ್ಲ ಆಯ್ಕೆಗಳನ್ನೂ ಅರ್ಜಿದಾರರಿಗೆ ಓದಿ ಹೇಳುವುದು, ಸಲ್ಲಿಸುವ ಮೊದಲು ಉತ್ತರಗಳನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದು, ಸಲ್ಲಿಸಿದ ಅರ್ಜಿಯ ಪ್ರತಿಯನ್ನು ಅವರ ಕೈಗೆ ಕೊಡುವುದು, ಈ ಮೂರೂ ರೂಢಿಗೆ ಬರುವಂತೆ ಸದಸ್ಯರು ನೋಡಿಕೊಳ್ಳಬೇಕು.