ಅಮೋನಿಯದ ಉರಿಯೂ ಅದರ ವಿಷವೂ



ಮುಂಜಾನೆ ಕೊಟ್ಟಿಗೆಯ ಬಾಗಿಲನ್ನು ತೆರೆದೊಡನೆ ಗಂಜಲದ ಘಾಟು ಮೂಗಿಗೆ ಬಡಿಯುವುದನ್ನು ತಾವೆಲ್ಲರೂ ಬಲ್ಲಿರಿ. ಆ ಘಾಟಿನ ವಸ್ತುವೇ ಅಮೋನಿಯ. ಯೂರಿಯ ಗೊಬ್ಬರಕ್ಕೆ ಮೂಲವೂ ಅದೇ. ಅದನ್ನು ಉರಿಸಿ, ಅನಿಲ ಟರ್ಬೈನನ್ನು ತಿರುಗಿಸಿ ವಿದ್ಯುಚ್ಛಕ್ತಿಯನ್ನು ಪಡೆಯುವ ಪ್ರಯತ್ನ ಈಗ ನಡೆದಿದೆ. ಅದರಲ್ಲಿ ಎದುರಾದ ಒಂದು ತೊಡಕನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಅಮೋನಿಯದಲ್ಲಿರುವುದು ಸಾರಜನಕ ಮತ್ತು ಜಲಜನಕ ಮಾತ್ರ. ಇಂಗಾಲದ ಲವಲೇಶವೂ ಇಲ್ಲ. ಆದುದರಿಂದ ಅದು ಉರಿದಾಗ ಭೂಮಿಯ ತಾಪವನ್ನೇರಿಸುವ ಇಂಗಾಲಾಮ್ಲ ವಾಯು ಹುಟ್ಟದು. ಬರಬೇಕಾದುದು ನಿರಪಾಯಕರವಾದ ಸಾರಜನಕ ಮತ್ತು ನೀರಾವಿ. ಕೇಳುವುದಕ್ಕೆ ಎಷ್ಟು ಚೆನ್ನ! ಆದರೆ ಉರಿಯೊಳಗೆ ಸಾರಜನಕದ ಒಂದಂಶವು ಆಮ್ಲಜನಕದೊಡನೆ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಶ್ವಾಸಕೋಶಗಳನ್ನು ಕೆಡಿಸುವ, ಮಳೆನೀರನ್ನು ಆಮ್ಲವಾಗಿಸುವ ಅನಿಲಗಳ ಕುಲ ಅದು. ನೈಸರ್ಗಿಕ ಅನಿಲವನ್ನು ಉರಿಸುವಲ್ಲಿ ಗಾಳಿಯ ಸಾರಜನಕವೇ ಅತಿಶಾಖದಿಂದ ಹೀಗಾಗುವುದರಿಂದ, ಉರಿಯ ಶಾಖವನ್ನು ತಗ್ಗಿಸಿದರೆ ಬಹುಮಟ್ಟಿಗೆ ಸಾಕು. ಅಮೋನಿಯದಲ್ಲಾದರೋ ಕಳ್ಳನು ಮನೆಯೊಳಗೇ ಇದ್ದಾನೆ.

ಜಪಾನಿನ ಫುಕುಶಿಮ ಪ್ರಾಂತದ ಕೊರಿಯಾಮದ ಸಂಶೋಧನಾಲಯದಲ್ಲಿ 50 ಕಿಲೋವಾಟ್ ದರ್ಜೆಯ ಚಿಕ್ಕ ಟರ್ಬೈನೊಂದನ್ನು 2014ರಲ್ಲಿ ಸೀಮೆಎಣ್ಣೆಯೊಡನೆ ಅಮೋನಿಯ ಬೆರಸಿ ನಡೆಸಿದರು. 2015ರಲ್ಲಿ ಬರಿಯ ಅಮೋನಿಯದಿಂದಲೇ 41.8 ಕಿಲೋವಾಟ್ ಪಡೆದರು. ಹೊರಬಂದ ಅನಿಲದಲ್ಲಿ ವಿಷ ಹೆಚ್ಚಾಗಿತ್ತು. ಅದನ್ನು ಕಳೆದ ಉಪಾಯ ಸ್ವಾರಸ್ಯವಾದುದು: ಆ ಅನಿಲಕ್ಕೆ ಇನ್ನಷ್ಟು ಅಮೋನಿಯವನ್ನೇ ಬೆರಸಿ ವೇಗವರ್ಧಕದ ಮೇಲೆ ಹಾಯಿಸಿದರೆ, ಎರಡೂ ಕೂಡಿ ಸಾರಜನಕವೂ ನೀರೂ ಆಗುತ್ತವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ!

ಆದರೆ ಆ ಉಪಕರಣಕ್ಕೆ ವೆಚ್ಚವುಂಟು, ಸ್ಥಳವೂ ಬೇಕು. ವಿಷ ಉರಿಯಲ್ಲಿಯೇ ಹುಟ್ಟದಂತೆ ಮಾಡುವುದು ಮೇಲು. ಒಲೆ ಹೊಗೆಯಾಡಿದರೆ ನಮ್ಮ ತಾಯಂದಿರು ಊದುಕೊಳವೆಯಿಂದ ಗಾಳಿಯೂದುತ್ತಾರಷ್ಟೆ. ಇಲ್ಲಿ ನಡೆಯುವುದು ಅದಕ್ಕೆ ವಿರುದ್ಧ. ಮೊದಲ ಹಂತದಲ್ಲಿ, ಗಾಳಿಗೆ ತಕ್ಕುದಕ್ಕಿಂತ ಶೇಕಡಾ 10ರಿಂದ 20ರಷ್ಟು ಹೆಚ್ಚು ಅಮೋನಿಯವನ್ನು ಬೇಕೆಂದೇ ಬಿಡುತ್ತಾರೆ. ಆಮ್ಲಜನಕದ ಬರದಲ್ಲಿ ಅಮೋನಿಯದ ಒಡೆದ ಚೂರುಗಳು, ಆಗಲೇ ಹುಟ್ಟಿದ ನೈಟ್ರಿಕ್ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಅದನ್ನು ಮತ್ತೆ ಸಾರಜನಕವಾಗಿಸುತ್ತವೆ. ಮಿಕ್ಕ ಜಲಜನಕವು ಎರಡನೆಯ ಹಂತದಲ್ಲಿ ಧಾರಾಳವಾದ ಗಾಳಿಯಲ್ಲಿ ಉರಿಯುತ್ತದೆ. ಅಳತೆ ಮಾತ್ರ ತಪ್ಪಕೂಡದು. ಇಂಧನ ಅತಿಯಾದರೆ ಉರಿಯದ ಅಮೋನಿಯವು ಎರಡನೆಯ ಹಂತಕ್ಕೆ ನುಸುಳಿ, ಅಲ್ಲಿ ಗಾಳಿ ಸಿಕ್ಕೊಡನೆ ಅದೇ ವಿಷವಾಗುತ್ತದೆ. ಸಾಲದುದಕ್ಕೆ ಈ ಜ್ವಾಲೆ ಬಹು ಮಂದಗತಿಯದು. ನೈಸರ್ಗಿಕ ಅನಿಲದ ಜ್ವಾಲೆಯ ವೇಗದ ಐದರಲ್ಲೊಂದು ಪಾಲಷ್ಟೆ. ಎರಡು ಹಂತಗಳಿಗೂ ಸಾಕಷ್ಟು ಕಾಲಾವಕಾಶ ಸಿಗುವಂತೆ ದಹನಕೋಣೆಯನ್ನು ರಚಿಸುವುದೇ ಯಂತ್ರಜ್ಞರಿಗೆ ಕಷ್ಟದ ಕೆಲಸ.

ಉರಿಯ ಶಾಖ ತೀರ ಇಳಿದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲದ ಭಯ. ಭೂಮಿಯ ತಾಪವನ್ನೇರಿಸುವುದರಲ್ಲಿ ಅದು ಇಂಗಾಲಾಮ್ಲಕ್ಕಿಂತ ಸುಮಾರು 270 ಪಟ್ಟು ಬಲಿಷ್ಠ. ಜಪಾನಿನ ಐಎಚ್‌ಐ ಕಂಪನಿಯವರು 2022ರಲ್ಲಿ 2,000 ಕಿಲೋವಾಟಿನ ಟರ್ಬೈನನ್ನು ದ್ರವ ಅಮೋನಿಯದಿಂದಲೇ ನಡೆಸಿ, ಇದನ್ನೂ ಲೆಕ್ಕಕ್ಕೆ ಹಿಡಿದು, ತಾಪವೇರಿಸುವ ಅನಿಲಗಳನ್ನು ಶೇಕಡಾ 99ಕ್ಕೂ ಮಿಕ್ಕಿ ತಗ್ಗಿಸಿದುದಾಗಿ ಪ್ರಕಟಿಸಿದರು.

ಆದರೂ ಅಮೋನಿಯದ ಬಹುಪಾಲನ್ನು ಇಂದಿಗೂ ನೈಸರ್ಗಿಕ ಅನಿಲದಿಂದಲೋ ಕಲ್ಲಿದ್ದಲಿನಿಂದಲೋ ತಯಾರಿಸುತ್ತಾರೆ. ಇಂಗಾಲಾಮ್ಲ ಆ ಕಾರ್ಖಾನೆಯಲ್ಲಿಯೇ ಹೊರಬೀಳುತ್ತದೆ. ಬಿಸಿಲು ಗಾಳಿಗಳ ವಿದ್ಯುತ್ತಿನಿಂದ ನೀರನ್ನೊಡೆದು ಪಡೆದ ಜಲಜನಕದಿಂದ ಅಮೋನಿಯ ಮಾಡುವವರೆಗೆ, ಈ ಟರ್ಬೈನು ಇಂಗಾಲದಿಂದ ಪೂರ್ತಿ ಬಿಡುಗಡೆ ಹೊಂದಿತೆನ್ನಲಾಗದು.