ವಸತಿದಾಸೋಹ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಾನ್ವಿಯ ಸೀಮೆಗೆ ತುಂಗಭದ್ರೆ, ದೇವದುರ್ಗದ ಸೀಮೆಗೆ ಕೃಷ್ಣೆ. ಇವೆರಡರ ನಡುವೆ ರಾಯಚೂರು. 2009ನೆಯ ಅಕ್ಟೋಬರದ ಮಳೆಯೂ ಮಹಾಪೂರವೂ ಈ ನಾಡಿನ ಬಡವರ ಮಣ್ಣಿನ ಗೋಡೆಗಳನ್ನು ಕರಗಿಸಿದುವು. ಆಗ ಸರಕಾರವು ‘ಆಸರೆ’ ಯೋಜನೆಯನ್ನು ಹೂಡಿ ದಾನಿಗಳನ್ನೂ ಸಂಸ್ಥೆಗಳನ್ನೂ ಕರೆಯಲು, ಹಲವು ಗ್ರಾಮಗಳಲ್ಲಿ ಹೊಸ ಮನೆಗಳೆದ್ದುವು.

ನೆರೆಯಿಲ್ಲದ ವರ್ಷದಲ್ಲಿಯೂ ಬಡವರ ಗೋಡೆ ಬೀಳುವುದುಂಟು. ವಸತಿಯೋಜನೆಗಳಲ್ಲಿ ಧನವು ತಳಪಾಯ, ಗೋಡೆ, ಛಾವಣಿಗಳ ಹಂತವನ್ನನುಸರಿಸಿ ಕಂತುಕಂತಾಗಿ ದೊರೆಯುವುದು. ದುಡಿಯಬಲ್ಲವನು ಸಾಲಮಾಡಿಯಾದರೂ ಆ ಹಂತವನ್ನು ಮುಟ್ಟುವನು. ಮಕ್ಕಳಿಲ್ಲದ ಮುದುಕಿಯೂ ಕಣ್ಣು ಕಾಲುಗಳಿಲ್ಲದವನೂ ಏನು ಮಾಡಬೇಕು? 2016ನೆಯ ಅಂಗವಿಕಲರ ಹಕ್ಕುಗಳ ಕಾಯಿದೆಯು, ನೂರಕ್ಕೆ 40ಕ್ಕೆ ಕಡಮೆಯಲ್ಲದ ವೈಕಲ್ಯವುಳ್ಳವರಿಗೆ ವಸತಿಯೋಜನೆಗಳಲ್ಲಿ ನೂರಕ್ಕೆ 5 ಪಾಲನ್ನು ಮೀಸಲಿಡಬೇಕೆಂದಿದೆ. ಆದರೆ ಕಾಯಿದೆಯು ಕಲ್ಲು ಹೊರಲಾರದು.

ಅದನ್ನು ಹೊರುವುದು ನಮ್ಮ ಕಾಯಕ. ಒಂದೊಂದು ಊರಿನ ಭಕ್ತರು ವರ್ಷಕ್ಕೊಂದು ಮನೆಯ ಹೊಣೆ ವಹಿಸಲಿ. ಓದುಬಲ್ಲವರು ಪಂಚಾಯಿತಿಗೆ, ನಗರವಾದರೆ ಪೌರಸಂಸ್ಥೆಗೆ, ಅರ್ಜಿ ಬರೆದುಕೊಡಲಿ. ಗಾಡಿಯುಳ್ಳವರು ಕಲ್ಲು ತರಲಿ. ಗೌಂಡಿಗಳು ದಿನವೊಂದನ್ನು ನೀಡಲಿ. ಉಳ್ಳವರು ಮೊದಲ ಕಂತು ಬರುವವರೆಗೆ ಬಡ್ಡಿಯಿಲ್ಲದೆ ತಳಪಾಯದ ವೆಚ್ಚವನ್ನು ಕೊಡಲಿ. ಕಟ್ಟುವಾಗ ಹೊಸ್ತಿಲು ತಗ್ಗಾಗಿರಲಿ, ಮೆಟ್ಟಿಲಿರುವೆಡೆ ಇಳಿಜಾರಿರಲಿ.

ಒಂದು ಹೊತ್ತಿನ ಅನ್ನದಾಸೋಹವನ್ನು ನಡೆಯಿಸಿ ಬಂದಿರುವ ಕೈಗಳಿಗೆ ಇದು ಅಸಾಧ್ಯವಲ್ಲ.